ಬೀಗದಿಂದ ಸಾಬೂನಿನವರೆಗೆ: ಅರ್ದೇಶಿರ್ ಗೋದ್ರೆಜ್ ಅವರ ಬದುಕು

ಕುರ್ಲಾ ನಿಲ್ದಾಣದಿಂದ ಠಾಣೆಯ ಕಡೆಗೆ ಸಾಗುವ ಲೋಕಲ್ ರೈಲು ವಿದ್ಯಾವಿಹಾರ, ಘಾಟ್‌ಕೋಪರ್‌ಗಳನ್ನು ದಾಟಿ ವಿಕ್ರೋಲಿಯನ್ನು ತಲುಪುತ್ತದೆ. ಕುರ್ಲಾ ತಾಲೂಕಿಗೇ ಸೇರಿದ ಈ ಪ್ರದೇಶವನ್ನು ನೆನೆದೊಡನೆ ಗೋದ್ರೆಜ್ ಎಂಬ ಹೆಸರೂ ನೆನಪಿಗೆ ಬರುತ್ತದೆ. ಈ ಮಹಾನಗರದಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಆ ಹೆಸರು ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಮಗಳ ಮದುವೆಗೆಂದು ಕೊಂಡ ಬೀರುವಿನ ಮೇಲೆ, ಬಾಗಿಲಿನ ಬೀಗದ ಮೇಲೆ, ಬಚ್ಚಲುಮನೆಯ ಸಾಬೂನಿನ ಹೊದಿಕೆಯ ಮೇಲೆ ಅದನ್ನು ನಿತ್ಯವೂ ಕಾಣುತ್ತೇವೆ. ಆದರೆ ಆ ಹೆಸರನ್ನು ಮೊದಲು ಬೀಗಕ್ಕೆ, ಬಳಿಕ ಸಾಬೂನಿಗೆ ಕೊಟ್ಟ ಅರ್ದೇಶಿರ್ ಬುರ್ಜೋರ್ಜಿ ಗೋದ್ರೆಜ್ ಅವರ ಜೀವನವೃತ್ತಾಂತ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸಾಬೂನು, ಕೇಶತೈಲ, ಮುಖಲೇಪಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ ತಮ್ಮದೇ ಹೆಸರಿನಲ್ಲಿ ಮಾರುವ ಸ್ವತಂತ್ರ ಉದ್ಯಮಿಗಳು ಹೆಚ್ಚುತ್ತಿದ್ದಾರೆ. ಅವರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಪ್ರಾಣಿಜನ್ಯ ಕೊಬ್ಬು ಇಲ್ಲ, ಹಾನಿಕರ ರಾಸಾಯನಿಕ ಇಲ್ಲ, ಎಲ್ಲವೂ ಶುದ್ಧ ಎಂಬುದು ಆ ಸರಕುಗಳ ಹೆಗ್ಗಳಿಕೆ. ಇದನ್ನು ಹೊಸ ಕಾಲದ ಹೊಸ ಆಲೋಚನೆ ಎಂದು ಭಾವಿಸುವವರಿದ್ದಾರೆ. ಆದರೆ ಇದೇ ಭರವಸೆಯನ್ನು ಹೊತ್ತ ಸಾಬೂನು ನೂರು ವರ್ಷಗಳಿಗೂ ಹಿಂದೆ ಈ ನಗರದಲ್ಲಿಯೇ ತಯಾರಾಗಿತ್ತು. ಅದನ್ನು ತಯಾರಿಸಿದವರಿಗೆ ಆಗ ಐವತ್ತು ವರ್ಷ ವಯಸ್ಸು. ಅದಕ್ಕೆ ಮುನ್ನ ಅವರು ಒಂದು ವೃತ್ತಿಯನ್ನೂ ಒಂದು ಉದ್ಯಮವನ್ನೂ ತಮ್ಮ ಮಾತಿಗೆ ಕಟ್ಟುಬಿದ್ದು ಕಳೆದುಕೊಂಡಿದ್ದರು.

ಅರ್ದೇಶಿರ್ ಅವರು 1868ರ ಮಾರ್ಚ್ 26ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬುರ್ಜೋರ್ಜಿ, ತಾಯಿ ದೋಸಿಬಾಯಿ. ಆರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ತಂದೆಗೆ ಜಮೀನು, ಮನೆಗಳ ವ್ಯವಹಾರವಿತ್ತು. ಗೂಥೆರಾಜಿ ಎಂದಿದ್ದ ಮನೆತನದ ಹೆಸರನ್ನು ತಂದೆಯವರು 1871ರಲ್ಲಿ ಗೋದ್ರೆಜ್ ಎಂದು ಬದಲಾಯಿಸಿದರು. ಅರ್ದೇಶಿರ್ ಬೆಳೆದ ಕಾಲದ ಮುಂಬಯಿಯಲ್ಲಿ ದಾದಾಭಾಯಿ ನವರೋಜಿಯವರ ವಿಚಾರಗಳು ವಿದ್ಯಾವಂತರ ನಡುವೆ ಚರ್ಚೆಯಲ್ಲಿದ್ದವು. ಭಾರತದ ಸಂಪತ್ತು ಹೇಗೆ ಹೊರದೇಶಕ್ಕೆ ಹರಿದುಹೋಗುತ್ತಿದೆ ಎಂಬುದನ್ನು ಅವರು ಅಂಕಿ ಅಂಶಗಳ ಮೂಲಕ ತೋರಿಸಿಕೊಟ್ಟಿದ್ದರು. ಅರ್ದೇಶಿರ್ ಹದಿನೆಂಟರ ಹರೆಯದಲ್ಲಿದ್ದಾಗ, 1886ರಲ್ಲಿ, ಜಮ್‌ಶೇಟ್‌ಜಿ ಟಾಟಾ ಅವರು ನಮ್ಮ ಕುರ್ಲಾದ ಧರಮ್ಸಿ ಮಿಲ್ಲನ್ನು ಕೊಂಡು ಅದಕ್ಕೆ ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಬಂಗಾಳದ ಸ್ವದೇಶಿ ಚಳವಳಿಗೆ ಸುಮಾರು ಎರಡು ದಶಕ ಮೊದಲೇ ಆ ಪದ ಕುರ್ಲಾದ ಒಂದು ಗಿರಣಿಯ ಹೆಸರಾಗಿತ್ತು. ದೇಶದ ಬಡತನಕ್ಕೆ ದೇಶದ ಉದ್ಯಮವೇ ಮದ್ದು ಎಂಬ ನಂಬಿಕೆ ಆ ತಲೆಮಾರಿನ ಅನೇಕ ತರುಣರಂತೆ ಅರ್ದೇಶಿರ್ ಅವರಲ್ಲಿಯೂ ಬೇರೂರಿತು.

1890ರಲ್ಲಿ ಬಚೂಬಾಯಿಯವರೊಂದಿಗೆ ಅವರ ವಿವಾಹವಾಯಿತು. ಆದರೆ ಆ ದಾಂಪತ್ಯಕ್ಕೆ ಆಯುಸ್ಸು ಇರಲಿಲ್ಲ. 1891ರ ಏಪ್ರಿಲ್ ತಿಂಗಳಲ್ಲಿ ಬಚೂಬಾಯಿ ಮತ್ತು ಬಂಧುವಾದ ಇನ್ನೊಬ್ಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರವನ್ನು ನೋಡಲು ಹೋದವರು ಗೋಪುರದಿಂದ ಕೆಳಗೆ ಬಿದ್ದು ಮೃತರಾದರು. ದುಷ್ಟರ ಕೈಗೆ ಸಿಕ್ಕಿ ಹೀಗಾಯಿತೆಂಬ ಶಂಕೆ ನಗರವನ್ನೆಲ್ಲ ತಲ್ಲಣಗೊಳಿಸಿತು. ಮೊಕದ್ದಮೆ ನಡೆಯಿತಾದರೂ ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ ವಿಧುರರಾದ ಅರ್ದೇಶಿರ್ ಮತ್ತೆ ಮದುವೆಯಾಗಲಿಲ್ಲ. ಮಕ್ಕಳೂ ಇರಲಿಲ್ಲ. ಅಲ್ಲಿಂದ ಮುಂದಿನ ನಾಲ್ವತ್ತೈದು ವರ್ಷಗಳ ಬದುಕನ್ನು ಅವರು ಕೆಲಸಕ್ಕೆ ಒಪ್ಪಿಸಿಬಿಟ್ಟರು.

ಓದಿದ್ದು ಕಾನೂನು. 1894ರಲ್ಲಿ ಮೊಕದ್ದಮೆಯೊಂದನ್ನು ನಡೆಸಲು ಅವರು ಪೂರ್ವ ಆಫ್ರಿಕಾದ ಝಾಂಜಿಬಾರ್‌ಗೆ ತೆರಳಿದರು. ವ್ಯಾಜ್ಯದ ಸಂಗತಿಗಳನ್ನು ಆಳವಾಗಿ ಪರಿಶೀಲಿಸಿದಾಗ, ಕಕ್ಷಿದಾರನ ಪರವಾಗಿ ವಾದಿಸಬೇಕಾದರೆ ಸತ್ಯವನ್ನು ತಿರುಚಬೇಕಾಗುತ್ತದೆ ಎಂಬುದು ಅವರ ಅರಿವಿಗೆ ಬಂತು. ಅವರು ಅದಕ್ಕೆ ಒಪ್ಪಲಿಲ್ಲ. ಹೇಳಿದವರ ಮಾತನ್ನೂ ಕೇಳಲಿಲ್ಲ. ಪ್ರಕರಣವನ್ನು ಕೈಬಿಟ್ಟು ಮುಂಬಯಿಗೆ ಮರಳಿದರು. ವಕೀಲಿಯ ಬಾಗಿಲು ಅಲ್ಲಿಗೆ ಮುಚ್ಚಿತು. ಹೊಟ್ಟೆಪಾಡಿಗೆ ಬೇರೆ ದಾರಿ ಸಿದ್ಧವಿದ್ದು ಅವರು ಹಾಗೆ ಮಾಡಿದವರಲ್ಲ ಎಂಬುದನ್ನು ಗಮನಿಸಬೇಕು.

ಮುಂಬಯಿಯಲ್ಲಿ ಔಷಧದಂಗಡಿಯೊಂದರಲ್ಲಿ ಸಹಾಯಕರಾಗಿ ಸೇರಿದರು. ಶಸ್ತ್ರಚಿಕಿತ್ಸೆಯ ಉಪಕರಣಗಳೆಲ್ಲವೂ ವಿದೇಶದಿಂದ ಬರುತ್ತಿದ್ದುದನ್ನು ಅಲ್ಲಿ ಕಂಡ ಅವರಿಗೆ ಅವನ್ನು ಇಲ್ಲಿಯೇ ಏಕೆ ತಯಾರಿಸಬಾರದು ಎನ್ನಿಸಿತು. ತಂದೆಯ ಸ್ನೇಹಿತರೂ ಪಾರ್ಸಿ ಸಮಾಜದಲ್ಲಿ ಗಣ್ಯರೂ ಆಗಿದ್ದ ಮೆರ್ವಾನ್‌ಜಿ ಕಾಮಾ ಅವರು 3000 ರೂಪಾಯಿ ಸಾಲ ಕೊಟ್ಟರು. ಉಪಕರಣಗಳು ಸಿದ್ಧವಾದವು. ಅವುಗಳ ಗುಣಮಟ್ಟದ ಬಗ್ಗೆ ಔಷಧದಂಗಡಿಯ ಬ್ರಿಟಿಷ್ ಮಾಲೀಕರಿಗೆ ತಕರಾರು ಇರಲಿಲ್ಲ. ಆದರೆ ಭಾರತದಲ್ಲಿ ತಯಾರಾದದ್ದು ಎಂಬ ಗುರುತು ಅವುಗಳ ಮೇಲೆ ಇರುವುದು ಅವರಿಗೆ ಬೇಕಿರಲಿಲ್ಲ. ಆ ಗುರುತಿದ್ದರೆ ಸರಕು ಮಾರಾಟವಾಗದು ಎಂಬುದು ಅವರ ಲೆಕ್ಕಾಚಾರ. ತಯಾರಾದ ಸ್ಥಳವನ್ನು ಮರೆಮಾಚಲು ಅರ್ದೇಶಿರ್ ಒಪ್ಪಲಿಲ್ಲ. ಉದ್ಯಮ ನಿಂತುಹೋಯಿತು. ಸಾಲ ಉಳಿಯಿತು. ಹೀಗೆ ಒಂದು ವರ್ಷದ ಅಂತರದಲ್ಲಿ ಎರಡನೆಯ ಬಾರಿ ಅವರು ಬರಿಗೈಯಾದರು.

ಆ ದಿನಗಳಲ್ಲಿ ಮುಂಬಯಿಯಲ್ಲಿ ಮನೆಗಳವುಗಳು ಹೆಚ್ಚಿದ್ದವು. ಅದರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಅವರ ಚಿತ್ತ ಬೀಗಗಳತ್ತ ಹೊರಳಿತು. ಊರಿನ ಬೀಗಗಳು ಕೈಯಿಂದ ಮಾಡಿದವು, ಕಳ್ಳನ ಕಡ್ಡಿಗೆ ಸುಲಭವಾಗಿ ಬಗ್ಗುವಂಥವು. ಗಟ್ಟಿಮುಟ್ಟಾದವು ವಿದೇಶದಿಂದ ಬರಬೇಕಿತ್ತು. ಕಾಮಾ ಅವರ ಬಳಿಗೆ ಮತ್ತೆ ಹೋದರು. ಮೊದಲ ಉದ್ಯಮ ಮುಳುಗಿದವನಿಗೆ ಎರಡನೆಯ ಸಾಲ ಕೊಡುವುದು ಸುಲಭದ ಮಾತಲ್ಲ ಎಂಬುದನ್ನು ನನ್ನಂಥ ಬ್ಯಾಂಕ್ ನೌಕರರು ಬಲ್ಲೆವು. ಅಡಮಾನ, ಜಾಮೀನು, ಹಿಂದಿನ ಮೂರು ವರ್ಷದ ಲೆಕ್ಕಪತ್ರ ಎಂದೆಲ್ಲ ನಾವು ಕೇಳುತ್ತೇವೆ. ಕಾಮಾ ಅವರು ಎದುರಿಗಿದ್ದ ಮನುಷ್ಯನ ಗುಣವನ್ನು ನೋಡಿ ಕೊಟ್ಟರು. ಉದ್ಯಮ ಏಕೆ ಮುಳುಗಿತೆಂಬುದನ್ನು ಅವರು ಬಲ್ಲವರಾಗಿದ್ದರು. ಮುಂದೆ ಕಾಮಾ ಅವರ ಸಂಬಂಧಿಕರಾದ ಬಾಯ್ಸ್ ಎಂಬವರು ಪಾಲುದಾರರಾಗಿ ಸೇರಿದರು. ಅವರು ಬೇಗನೆ ಹೊರಬಂದರೂ ಗೋದ್ರೆಜ್ ಅಂಡ್ ಬಾಯ್ಸ್ ಎಂಬ ಹೆಸರನ್ನು ಕಂಪನಿ ಇಂದಿಗೂ ಉಳಿಸಿಕೊಂಡಿದೆ.

1897ರ ಮೇ 7ರಂದು ಲಾಲ್‌ಬಾಗ್‌ನ ಬಾಂಬೆ ಗ್ಯಾಸ್ ವರ್ಕ್ಸ್‌ನ ಪಕ್ಕದ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಆರಂಭವಾಯಿತು. ಗುಜರಾತ್ ಮತ್ತು ಮಲಬಾರಿನಿಂದ ಬಂದ ಹನ್ನೆರಡು ಮಂದಿ ಕುಶಲಕರ್ಮಿಗಳು ಜೊತೆಗಿದ್ದರು. ಮೊದಲ ಬೀಗಕ್ಕೆ ಆಂಕರ್, ಅಂದರೆ ಲಂಗರು ಎಂಬ ಹೆಸರು. ಬಳಿಕ ಬಂದ ಬೀಗಗಳಲ್ಲಿ ಒಂದಕ್ಕೆ ಎರಡು ಬೀಗದಕೈಗಳಿದ್ದು, ಎರಡನೆಯದರಿಂದ ಒಳಗಿನ ಜೋಡಣೆಯನ್ನೇ ಬದಲಾಯಿಸಬಹುದಿತ್ತು. ಆಗ ಮೊದಲನೆಯ ಕೈ ನಿಷ್ಪ್ರಯೋಜಕ. ಮತ್ತೊಂದು ಬೀಗ, ತಪ್ಪು ಕೈ ಹಾಕಿ ತಿರುಗಿಸಿದವರ ಸುಳಿವನ್ನು ಒಡೆಯನಿಗೆ ಕೊಡುತ್ತಿತ್ತು. 1909ರಲ್ಲಿ ಸ್ಪ್ರಿಂಗ್ ಇಲ್ಲದ ಬೀಗಕ್ಕೆ ಪೇಟೆಂಟ್ ದೊರೆಯಿತು. ಹಳೆಯ ಬೀಗಗಳಲ್ಲಿ ಮೊದಲು ಕೆಡುತ್ತಿದ್ದುದು ಸ್ಪ್ರಿಂಗ್. ಅದನ್ನೇ ತೆಗೆದುಹಾಕಿದ್ದು ಅವರ ಹೆಚ್ಚುಗಾರಿಕೆ. ಬೀಗದ ಬೆನ್ನಿಗೇ ಬೆಂಕಿಗೂ ಕಳ್ಳರಿಗೂ ಜಗ್ಗದ ತಿಜೋರಿಗಳು ಬಂದವು. ಕಿರಿಯ ಸಹೋದರ ಪಿರೋಜ್‌ಶಾ ಅವರು ಕೈಜೋಡಿಸಿದ ಮೇಲೆ ಅಣ್ಣ ಹೊಸ ಸರಕಿನ ಚಿಂತನೆಯಲ್ಲಿಯೂ ತಮ್ಮ ಕಾರ್ಖಾನೆಯ ಆಡಳಿತದಲ್ಲಿಯೂ ತೊಡಗಿದರು. 1923ರಲ್ಲಿ ಉಕ್ಕಿನ ಕಪಾಟುಗಳ ತಯಾರಿಕೆ ಆರಂಭವಾಯಿತು. ನಮ್ಮ ತಾಯಂದಿರು ಗೋದ್ರೆಜ್ ಬೀರು ಎಂದೇ ಕರೆಯುವುದು ಅದನ್ನೇ.

ಸ್ವದೇಶಿ ಚಳವಳಿ ಕಾವೇರಿದ್ದ ಕಾಲವದು. ದೇಶದ ಸರಕು ಕಳಪೆಯಾದರೂ ಸಹಿಸಿಕೊಂಡು ಕೊಳ್ಳಬೇಕು ಎಂಬ ವಾದ ಪ್ರಬಲವಾಗಿತ್ತು. ಸರಕು ಮಾರುವ ಅರ್ದೇಶಿರ್ ಅವರಿಗೆ ಈ ವಾದ ಲಾಭದಾಯಕವೇ. ಆದರೂ ಅವರು ಅದನ್ನು ಒಪ್ಪಲಿಲ್ಲ. ಕಳಪೆ ವಸ್ತುವನ್ನು ದೇಶಪ್ರೇಮದ ಹೆಸರಿನಲ್ಲಿ ಮಾರುವುದು ಕೊಳ್ಳುವವನಿಗೆ ಮಾಡುವ ಅನ್ಯಾಯ, ಅದರಿಂದ ದೇಶದ ಉದ್ಯಮದ ಮೇಲಿನ ನಂಬಿಕೆಯೇ ಹಾಳಾಗುತ್ತದೆ ಎಂಬುದು ಅವರ ನಿಲುವು. ವಿದೇಶೀ ಸರಕಿನ ಪಕ್ಕದಲ್ಲಿಟ್ಟು ಹೋಲಿಸಿದಾಗಲೂ ಗೆಲ್ಲುವಂಥದ್ದನ್ನು ಮಾಡಬೇಕು ಎಂದು ಅವರು ಬಯಸಿದರು. ಸಾಬೂನಿನ ಪ್ರಯೋಗದಲ್ಲಿ ಈ ನಿಲುವು ನಿಜವಾದ ಪರೀಕ್ಷೆಗೆ ಒಳಗಾಯಿತು.

ನಮ್ಮ ಹಿರಿಯರು ಮೈ ತೊಳೆಯಲು ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಅಂಟುವಾಳಕಾಯಿಗಳನ್ನು ಬಳಸುತ್ತಿದ್ದರು. ಕಾರ್ಖಾನೆಯ ಸಾಬೂನು ಇಂಗ್ಲೆಂಡಿನಿಂದ ಬಂತು. ಲಿವರ್ ಕಂಪನಿಯ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು 1888ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ಕೊಬ್ಬು ಅಥವಾ ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಂದಿಗೆ ಬೆರೆಸಿದಾಗ ಅವೆರಡೂ ಮಾರ್ಪಟ್ಟು ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಆ ಕಾಲದ ಸಾಬೂನುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುತ್ತಿದ್ದುದು ದನ, ಕುರಿ, ಹಂದಿಗಳ ಕೊಬ್ಬು. ತೋಟೆಗಳಿಗೆ ಹಚ್ಚಿದ ಕೊಬ್ಬಿನ ಶಂಕೆಯೇ 1857ರ ದಂಗೆಯ ಕಿಡಿಯಾಗಿದ್ದ ದೇಶ ನಮ್ಮದು. ಹಿಂದೂಗಳಿಗೆ ಒಂದು ನಿಷಿದ್ಧ, ಮುಸಲ್ಮಾನರಿಗೆ ಇನ್ನೊಂದು, ಜೈನರಿಗೆ ಎಲ್ಲವೂ. ಸಾಬೂನಿನೊಳಗೆ ಏನಿದೆ ಎಂದು ತಿಳಿಯದೆ ಬಳಸುವವರು, ತಿಳಿದು ದೂರವಿಡುವವರು ಎಂದು ಜನ ಎರಡು ಬಗೆಯಾಗಿದ್ದರು.

ಕೊಬ್ಬನ್ನು ಬಿಟ್ಟು ಸಸ್ಯದ ಎಣ್ಣೆಯಿಂದಲೇ ಮಾಡಿದರಾಯಿತಲ್ಲ ಎಂದು ಇಂದು ಅನ್ನಿಸಬಹುದು. ಅದು ಅಷ್ಟು ಸರಳವಲ್ಲ. ಪ್ರಾಣಿಯ ಕೊಬ್ಬು ಸಾಬೂನಿಗೆ ಗಟ್ಟಿತನ ಕೊಡುತ್ತದೆ, ನೀರಿನಲ್ಲಿ ಬೇಗ ಕರಗಲು ಬಿಡುವುದಿಲ್ಲ. ತೆಂಗಿನೆಣ್ಣೆಯ ಸಾಬೂನು ಧಾರಾಳ ನೊರೆ ಕೊಟ್ಟರೂ ಬೇಗ ಸವೆಯುತ್ತದೆ, ಚರ್ಮವನ್ನು ಒಣಗಿಸುತ್ತದೆ. ಶೇಂಗಾ, ಎಳ್ಳಿನ ಎಣ್ಣೆಗಳಿಂದಾದದ್ದು ಮೆತ್ತಗಾಗುತ್ತದೆ. ಇವುಗಳ ನಡುವಿನ ಹದವನ್ನು ಕಂಡುಕೊಳ್ಳಬೇಕು. ಸೋಡಾ ಹೆಚ್ಚಾಗಿ ಉಳಿದರೆ ಮೈ ಉರಿಯುತ್ತದೆ, ಎಣ್ಣೆ ಹೆಚ್ಚಾಗಿ ಉಳಿದರೆ ಕಮಟು ವಾಸನೆ ಬರುತ್ತದೆ. ಈ ಹದವನ್ನು ಪ್ರತಿ ಬಾರಿಯೂ ತಪ್ಪದೆ, ಜನ ಕೊಳ್ಳಬಹುದಾದ ಬೆಲೆಯಲ್ಲಿ ಸಾಧಿಸುವುದು ಉದ್ಯಮಿಯ ಮುಂದಿದ್ದ ಸವಾಲು.

1918ರಲ್ಲಿ ಗೋದ್ರೆಜ್ ಅವರ ಮೊದಲ ಸಾಬೂನು ಬಂತು. ಪ್ರಾಣಿಜನ್ಯ ಕೊಬ್ಬಿನ ಸೋಂಕಿಲ್ಲದ ಆ ಸಾಬೂನಿನ ಹೆಸರು ಚಾವಿ, ಅಂದರೆ ಬೀಗದಕೈ. ಜನ ಬೀಗದಿಂದಾಗಿ ತಮ್ಮ ಮೇಲಿಟ್ಟಿದ್ದ ನಂಬಿಕೆಯನ್ನೇ ಅವರು ಸಾಬೂನಿಗೆ ಬಂಡವಾಳವಾಗಿಸಿದರು. ಇದು ಜಗತ್ತಿನಲ್ಲಿಯೇ ಮೊದಲ ಸಸ್ಯತೈಲದ ಸಾಬೂನು ಎಂದು ಕೆಲವೆಡೆ ಬರೆಯುವುದುಂಟು. ಅದು ಸರಿಯಲ್ಲ. ಸಿರಿಯಾದ ಅಲೆಪ್ಪೊ, ಫ್ರಾನ್ಸಿನ ಮಾರ್ಸೇಯ್ ನಗರಗಳಲ್ಲಿ ಆಲಿವ್ ಎಣ್ಣೆಯ ಸಾಬೂನು ಶತಮಾನಗಳಿಂದ ತಯಾರಾಗುತ್ತಿತ್ತು. ಕೊಬ್ಬಿನ ಸಾಬೂನುಗಳೇ ಮಾರುಕಟ್ಟೆಯನ್ನು ಆಳುತ್ತಿದ್ದ ನಮ್ಮ ದೇಶದಲ್ಲಿ, ವಿದೇಶೀ ಕಂಪನಿಗಳಿಗೆ ಎದುರಾಗಿ, ಮೈಸಾಬೂನನ್ನು ಆ ಬಗೆಯಲ್ಲಿ ಕಾರ್ಖಾನೆಯಿಂದ ಹೊರತಂದದ್ದು ಅರ್ದೇಶಿರ್ ಅವರ ಸಾಧನೆ. ಅಷ್ಟೇ ಸಾಕಷ್ಟು ದೊಡ್ಡದು.

ಕನ್ನಡಿಗರಾದ ನಾವು ಇಲ್ಲಿ ಮೈಸೂರನ್ನು ನೆನೆಯಬೇಕು. ಅದೇ ವರ್ಷಗಳಲ್ಲಿ, ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಗಂಧದೆಣ್ಣೆ ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ತಾಂತ್ರಿಕ ಶಿಲ್ಪಿಯಾಗಿ ಸೋಪ್ ಶಾಸ್ತ್ರಿ ಎಂದೇ ಹೆಸರಾದರು. ಮೈಸೂರಿನ ಸಾಬೂನಿಗೆ ರಾಜ್ಯದ ಬೊಕ್ಕಸ, ಅರಣ್ಯ, ಅರಮನೆಗಳ ಬೆಂಬಲವಿತ್ತು. ಲಾಲ್‌ಬಾಗ್‌ನ ಸಾಬೂನಿನ ಹಿಂದೆ ಇದ್ದುದು ಬೀಗ ಮಾಡಿ ಗಳಿಸಿದ ಹಣ ಮಾತ್ರ. ಸ್ವಂತ ಬಲದಿಂದ ನಿಲ್ಲಬೇಕಾದ ಉದ್ಯಮಕ್ಕೆ ಗ್ರಾಹಕನ ವಿಶ್ವಾಸವೇ ಅರಮನೆ.

ಚಾವಿಯ ಬಳಿಕ ನಂಬರ್ 2 ಎಂಬ ಸಾಬೂನು ಬಂತು. 1922ರಲ್ಲಿ ನಂಬರ್ 1 ಬಂತು. ಮೊದಲು ಎರಡನ್ನು ತಂದು ಆಮೇಲೆ ಒಂದನ್ನು ತಂದದ್ದೇಕೆಂದರೆ, ಎರಡನೆಯದೇ ಇಷ್ಟು ಚೆನ್ನಾಗಿದ್ದರೆ ಮೊದಲನೆಯದು ಇನ್ನೆಷ್ಟು ಚೆನ್ನಾಗಿರಬೇಡ ಎಂದು ಜನ ಯೋಚಿಸಲಿ ಎಂಬ ಉಪಾಯ ಎಂದು ಹೇಳುತ್ತಾರೆ. ಕವಿ ರವೀಂದ್ರನಾಥ ಠಾಕೂರರು, ಅನಿಬೆಸೆಂಟ್, ರಾಜಾಜಿ ಮೊದಲಾದ ಹಿರಿಯರು ಈ ಸಾಬೂನಿನ ಪರವಾಗಿ ಮಾತನಾಡಿದರು. ಇನ್ನೊಬ್ಬ ಸಾಬೂನು ತಯಾರಕರು ತಮ್ಮ ಉದ್ಯಮಕ್ಕೆ ಗಾಂಧೀಜಿಯವರ ಆಶೀರ್ವಾದ ಬೇಡಿದಾಗ, ಗೋದ್ರೆಜ್ ಅವರ ಮೇಲಿನ ಆದರದಿಂದಾಗಿ ಗಾಂಧೀಜಿ ನಿರಾಕರಿಸಿದರು. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಸಂಗ್ರಹಿಸಲು ಗಾಂಧೀಜಿ ಕರೆಕೊಟ್ಟಾಗ ಅರ್ದೇಶಿರ್ ಅವರು ಒಬ್ಬರೇ ಮೂರು ಲಕ್ಷ ರೂಪಾಯಿ ಕೊಟ್ಟರು. ದಲಿತರ ಏಳಿಗೆ ಮತ್ತು ಪಾನನಿಷೇಧದ ಕಾರ್ಯಕ್ಕೆ ಅದು ಬಳಕೆಯಾಗಬೇಕೆಂಬುದು ಅವರ ಇಚ್ಛೆಯಾಗಿತ್ತು. ಸಾಲದಿಂದ ಆರಂಭಿಸಿದವರು ಕಾಲು ಶತಮಾನದೊಳಗೆ ಮುಟ್ಟಿದ ಎತ್ತರ ಅದು.

ಹೀಗೆ ಬೆಳೆದ ಉದ್ಯಮವನ್ನು ಅವರು ಅಪ್ಪಿಕೊಂಡು ಕೂರಲಿಲ್ಲ. 1928ರಲ್ಲಿ ಎಲ್ಲವನ್ನೂ ಪಿರೋಜ್‌ಶಾ ಅವರಿಗೆ ಒಪ್ಪಿಸಿ ನಾಸಿಕಕ್ಕೆ ತೆರಳಿ ಕೃಷಿಯಲ್ಲಿ ತೊಡಗಿದರು. ಬೇಸಾಯ ಅವರಿಗೆ ಬೀಗದಂತೆ ಕೈಹಿಡಿಯಲಿಲ್ಲ. 1936ರ ಜನವರಿಯಲ್ಲಿ ಅವರು ನಿಧನರಾದರು. ವಿಕ್ರೋಲಿಯ ನೆಲವನ್ನು ಪಿರೋಜ್‌ಶಾ ಅವರು ಕೊಂಡದ್ದು 1943ರಲ್ಲಿ. ಅಲ್ಲಿ ಎದ್ದ ಕಾರ್ಖಾನೆ, ಕಾರ್ಮಿಕರ ವಸತಿ, ಶಾಲೆ, ಉಳಿಸಿಕೊಂಡ ಕಾಂಡ್ಲಾ ಕಾಡು ಯಾವುದನ್ನೂ ಅರ್ದೇಶಿರ್ ಕಾಣಲಿಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಲಕ್ಷಾಂತರ ಮತಪೆಟ್ಟಿಗೆಗಳು ಆ ವಿಕ್ರೋಲಿಯಿಂದಲೇ ಹೊರಟವು. 2024ರಲ್ಲಿ ಗೋದ್ರೆಜ್ ಕುಟುಂಬದವರು ಸಮೂಹವನ್ನು ಸೌಹಾರ್ದದಿಂದ ಎರಡಾಗಿ ಹಂಚಿಕೊಂಡಾಗ ಬೀಗ ತಿಜೋರಿಗಳು ಒಂದು ಕವಲಿಗೂ ಸಾಬೂನು ಇನ್ನೊಂದು ಕವಲಿಗೂ ಸೇರಿದವು. ಅರ್ದೇಶಿರ್ ಅವರ ಎರಡು ಸೃಷ್ಟಿಗಳು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಬೇರೆ ಬೇರೆ ಮನೆಗಳಾದವು.

ಆದರೆ ಅವುಗಳ ಮೂಲಧರ್ಮ ಒಂದೇ. ಬ್ಯಾಂಕಿನ ತಿಜೋರಿಯನ್ನು ಇಬ್ಬರು ಅಧಿಕಾರಿಗಳು ತಮ್ಮ ತಮ್ಮ ಕೈಗಳಿಂದ ಒಟ್ಟಾಗಿ ತೆರೆಯಬೇಕು. ಒಬ್ಬರ ಮೇಲೊಬ್ಬರಿಗೆ ಅಪನಂಬಿಕೆ ಇದೆಯೆಂದಲ್ಲ, ನಂಬಿಕೆಗೆ ಆಸರೆ ಬೇಕೆಂದು. ಬೀಗ ನಂಬಿಕೆಗೆ ಅರ್ಹವೇ ಎಂಬುದನ್ನು ಕಳ್ಳ ಪರೀಕ್ಷಿಸಿ ಹೇಳಬಲ್ಲ. ಸಾಬೂನಿಗೆ ಆ ಅನುಕೂಲವಿಲ್ಲ. ಬಿಲ್ಲೆಯೊಳಗಿನ ಎಣ್ಣೆ ಯಾವ ಮರದ್ದು, ಕೊಬ್ಬು ಯಾವ ಪ್ರಾಣಿಯದು ಎಂಬುದನ್ನು ಗ್ರಾಹಕ ಕಣ್ಣಿನಿಂದ, ಮೂಗಿನಿಂದ ಅರಿಯಲಾರ. ತಯಾರಕನ ಮಾತೇ ಅವನಿಗೆ ಆಧಾರ. ಝಾಂಜಿಬಾರಿನಲ್ಲಿ ವೃತ್ತಿಯನ್ನೂ ಮುಂಬಯಿಯಲ್ಲಿ ಮೊದಲ ಉದ್ಯಮವನ್ನೂ ಮಾತಿಗಾಗಿ ಬಿಟ್ಟ ಮನುಷ್ಯ ಸಾಬೂನಿನ ಮೇಲೆ ಶುದ್ಧ ಎಂದಾಗ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂದು ನಮಗೆ ಹೆಚ್ಚಿನ ಸಹಾಯವಿದೆ. ಸಾಬೂನಿನ ಹೊದಿಕೆಯನ್ನು ತಿರುಗಿಸಿ ನೋಡಿದರೆ ಟಿ.ಎಫ್.ಎಂ. ಎಂಬ ಅಂಕಿ ಕಾಣುತ್ತದೆ. ಬಿಲ್ಲೆಯಲ್ಲಿರುವ ಒಟ್ಟು ಕೊಬ್ಬಿನಾಂಶವನ್ನು ಅದು ಸೂಚಿಸುತ್ತದೆ. ಭಾರತೀಯ ಮಾನಕದಂತೆ ಮೈಸಾಬೂನಿನ ಮೊದಲ ದರ್ಜೆಗೆ ಅದು ಶೇ. 76, ಎರಡನೆಯದಕ್ಕೆ ಶೇ. 70, ಮೂರನೆಯದಕ್ಕೆ ಶೇ. 60ಕ್ಕಿಂತ ಕಡಿಮೆ ಇರಬಾರದು. ಘಟಕಗಳ ಪಟ್ಟಿಯಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಪ್ರಾಣಿಯ ಕೊಬ್ಬು, ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆಯೆಣ್ಣೆ ಎಂದು ತಿಳಿಯಬಹುದು. ಮಾರಾಟಕ್ಕಾಗಿ ಸೌಂದರ್ಯವರ್ಧಕಗಳನ್ನು ತಯಾರಿಸುವವರು, ಅದು ಎಷ್ಟೇ ಚಿಕ್ಕ ಉದ್ಯಮವಾಗಲಿ, ಸರಕಾರದ ಪರವಾನಗಿ ಪಡೆಯಬೇಕು.

ನಮ್ಮ ಸಮಾಜದ ಸೋದರಿಯರೂ ಯುವಕರೂ ಇಂಥ ಉದ್ಯಮಗಳಿಗೆ ಕೈಹಾಕುತ್ತಿರುವುದು ಸಂತೋಷದ ವಿಷಯ. ಬಂಡವಾಳ, ಜಾಹೀರಾತು, ಅಂದದ ಹೊದಿಕೆಗಳ ಬಗ್ಗೆ ಸಲಹೆ ಕೊಡುವವರು ಅವರಿಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಅದರೊಂದಿಗೆ ಅರ್ದೇಶಿರ್ ಗೋದ್ರೆಜ್ ಅವರ ಬದುಕನ್ನೂ ಓದಿಕೊಳ್ಳಲಿ. ಬಿಲ್ಲೆಯೊಳಗಿಲ್ಲದ್ದನ್ನು ಹೊದಿಕೆಯ ಮೇಲೆ ಬರೆಯದಿರುವುದರಿಂದ ಮೊದಮೊದಲು ನಷ್ಟವೂ ಆಗಬಹುದು. ಆ ನಷ್ಟವನ್ನು ಎರಡು ಬಾರಿ ಉಂಡವರೊಬ್ಬರು ಲಾಲ್‌ಬಾಗ್‌ನ ಶೆಡ್ಡಿನಲ್ಲಿ ಕಟ್ಟಿದ ಹೆಸರು ನೂರ ಇಪ್ಪತ್ತೈದು ವರ್ಷಗಳನ್ನು ದಾಟಿ ಬಾಳುತ್ತಿದೆ.